ಅವಳು ಮುಚ್ಚಿಟ್ಟ ಬೈಗುಳಗಳು

"ನನ್ನ ಬೈದವರ ಮಾತನ್ನೆಲ್ಲ ಕಾಣದ ಹಾಗೆ ಮಾಡ್ತಿರೋದು ನೀವಾ?"

ಮಿನೆಗಿಶಿ ಬಾಗಿಲಲ್ಲೇ ನಿಂತು ಕೇಳಿದ. ತೊಗಾವಾ ಚಿಜುರು ಕಂಪ್ಯೂಟರಿನಿಂದ ತಲೆಯೆತ್ತಲಿಲ್ಲ. ಎರಡು ವರ್ಷ ಒಂದೇ ಕ್ಲಬ್ಬಿನಲ್ಲಿ ದುಡಿದರೂ ಅವನು ಅವಳ ಕೋಣೆಯ ತನಕ ಬಂದದ್ದು ಇದೇ ಮೊದಲು.

ಯಾಇಜು ಬಂದರಿನ ಆ ಪುಟ್ಟ ಫುಟ್‌ಬಾಲ್ ಕ್ಲಬ್ಬಿಗೆ ಅವನು ಹದಿನಾಲ್ಕು ವರ್ಷ ಗೋಲ್‌ಕೀಪರ್ ಆಗಿದ್ದವನು. ನಿವೃತ್ತನಾದ ಮೇಲೆ ಅಲ್ಲೇ ಬೂಟು ತೊಳೆಯುತ್ತ ಉಳಿದ. ಸೊಟ್ಟಗಾದ ಬೆರಳುಗಳಿಂದ ಅವನು ಬೂಟಿನ ಕೆಸರು ಕೆರೆಯುವುದನ್ನು ಚಿಜುರು ಒಮ್ಮೆ ಚಿತ್ರೀಕರಿಸಿ ತಾನು ನೋಡಿಕೊಳ್ಳುತ್ತಿದ್ದ ಕ್ಲಬ್ಬಿನ ಅಂತರ್ಜಾಲ ಪುಟದಲ್ಲಿ ಹಾಕಿದಳು. ಮಾತಿಲ್ಲ, ಸಂಗೀತವಿಲ್ಲ. ಎಂಟು ಲಕ್ಷ ಜನ ನೋಡಿದರು. ಆಮೇಲೆ ವಾರಕ್ಕೊಂದು ವಿಡಿಯೊ. ಆಡುವಾಗ ಸಿಗದ ಹೆಸರು ಬೂಟು ತೊಳೆದು ಸಿಕ್ಕಿತೆಂದು ತಂಡದ ಹುಡುಗರು ಅವನನ್ನು ಛೇಡಿಸುತ್ತಿದ್ದರು.

ವಿಡಿಯೊಗಳ ಕೆಳಗೆ ಬರುತ್ತಿದ್ದ ಹೊಗಳಿಕೆಯ ನಡುವೆ, ಅವನ ಕೊನೆಯ ಪಂದ್ಯವನ್ನು ಮರೆಯದವರೂ ಬರೆಯುತ್ತಿದ್ದರು. ಅವನ ಕೈಯಿಂದ ಜಾರಿದ ಒಂದೇ ಚೆಂಡಿಗೆ ಕ್ಲಬ್ಬು ಕೆಳದರ್ಜೆಯ ಲೀಗಿಗೆ ಇಳಿದಿತ್ತು. ಅಂಥ ಮಾತುಗಳನ್ನು ಚಿಜುರು ದಿನಾ ಬೆಳಿಗ್ಗೆ ಯಾರಿಗೂ ಕಾಣದಂತೆ ಮರೆಮಾಡುತ್ತಿದ್ದಳು. ಅವನು ಓದಬಾರದು... ಅಷ್ಟೇ ಅವಳಿಗೆ ಬೇಕಿದ್ದದ್ದು.

ನಿನ್ನೆ ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಮೀನುಗಾರನೊಬ್ಬ ಅವನನ್ನು ತಡೆದು ನಿಲ್ಲಿಸಿದನಂತೆ. ಮೂರು ಸಲ ಬೈದು ಬರೆದೆ, ಮೂರೂ ಮಾಯವಾದವು, ಅಷ್ಟು ಪುಕ್ಕಲನಾ ನೀನು ಎಂದು ಕೇಳಿದನಂತೆ.

"ಹೌದು, ನಾನೇ," ಎಂದಳು ಚಿಜುರು. "ನಿಮಗೆ ನೋವಾಗ್ಬಾರ್ದು ಅಂತ."

"ಕನಿಕರ ತೋರ್ಸೋ ಕಡೆ ನಾನಿರಲ್ಲ. ಈ ತಿಂಗಳು ಮುಗಿದ್ಮೇಲೆ ಊರು ಬಿಡ್ತೀನಿ."

ಕನಿಕರವಂತೆ... ವಾರವಾರವೂ ಒಬ್ಬನ ಕೈಗಳನ್ನೇ ನೋಡುತ್ತ ಕೂತವಳಿಗೆ ಇರುವುದು ಕನಿಕರವೇ?

ಅವನೇ ಮುಂದುವರಿಸಿದ. ಇಲ್ಲಿನ ರೂಢಿಯಂತೆ ಸೋತ ತಂಡ ತನ್ನ ಅಭಿಮಾನಿಗಳು ಕೂತ ಕಡೆ ಹೋಗಿ, ಸಾಲಾಗಿ ನಿಂತು ತಲೆಬಾಗಬೇಕು, ಬೈಗುಳವನ್ನು ಕೇಳಿಸಿಕೊಳ್ಳಬೇಕು. ಕೊನೆಯ ಪಂದ್ಯದ ದಿನ ಭುಜ ಮುರಿದಿದ್ದ ಅವನನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದಿದ್ದರು. ಅವನ ತಪ್ಪಿಗೆ ಉಳಿದವರು ಬಾಗಿದ್ದರು.

"ಅವರು ನನ್ನ ಬಯ್ಯೋಕೆ ಅಂತಾನೇ ಮತ್ತೆ ಬಂದಿದ್ರು, ತೊಗಾವಾ-ಸಾನ್. ನೀವು ಗೇಟು ಹಾಕ್ಬಿಟ್ರಿ."

ಚಿಜುರು ಮರೆಮಾಡಿದ್ದನ್ನೆಲ್ಲ ಮತ್ತೆ ಹೊರಗೆ ಹಾಕಿದಳು. ನಾನೂರ ಹನ್ನೆರಡು. ಪರದೆಯನ್ನು ಅವನತ್ತ ತಿರುಗಿಸಿದಳು.

ಅವನು ನಿಂತೇ ಓದಿದ, ಒಂದನ್ನೂ ಬಿಡದೆ. ಅವಳೂ ಎದ್ದು ಪಕ್ಕದಲ್ಲಿ ನಿಂತಳು. ಮಧ್ಯಾಹ್ನವಾಯಿತು. ಕೊನೆಯದನ್ನು ಮುಗಿಸಿ ಅವನು ಪರದೆಗೆ ಸೊಂಟದವರೆಗೂ ಬಾಗಿದ. ಅವಳೂ ಬಾಗಿದಳು. ಕ್ಯಾಮೆರಾ ಮುಟ್ಟಲಿಲ್ಲ.

"ನೀವ್ಯಾಕೆ?" ಎಂದ.

"ಗೇಟು ಹಾಕಿದ್ದು ನಾನಲ್ವಾ." ಅವಳು ತಲೆ ತಗ್ಗಿಸಿಯೇ ಹೇಳಿದಳು. "ಆದ್ರೆ ಕನಿಕರಕ್ಕಲ್ಲ, ಮಿನೆಗಿಶಿ-ಸಾನ್. ನಿಮ್ಮನ್ನ ಯಾರಾದ್ರೂ ಬೈದ್ರೆ ನನಗೆ ಆ ದಿನ ಊಟ ಸೇರಲ್ಲ. ಊರು ಬಿಡ್ಬೇಡಿ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

"ಹೋದ ವಾರ... ಬೂಟು ಆಗಲೇ ತೊಳೆದಾಗಿತ್ತು. ನೀವು ವಿಡಿಯೊ ಮಾಡೋಕೆ ಬರ್ತೀರಿ ಅಂತ ಮತ್ತೆ ಕೆಸರಲ್ಲಿ ಅದ್ದಿಟ್ಟಿದ್ದೆ."

"ಹಾಗೆ ಎಷ್ಟು ಸಲ ಮಾಡಿದ್ರಿ?"

"ಮೊದಲನೇ ಸಲ ಬಿಟ್ಟು, ಎಲ್ಲಾ ಸಲ."