ಕೆಮ್ಮು ಇಲ್ಲ ಅಂತ ಬರೆದವನು

ಮೆಟ್ಟಿಲ ಕೆಳಗೆ ಯಾರೋ ಕೆಮ್ಮುತ್ತಿದ್ದರು. ಕರುಳು ಕಿತ್ತು ಬರುವಂಥ ಕೆಮ್ಮು. ಮೇಲಿನ ಲ್ಯಾಬಿನಿಂದ ಹೊರಬಂದ ಅವಳು ಇಣುಕಿ ನೋಡಿದಳು. ಬಡಗಿ! ಕರವಸ್ತ್ರ ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದ.

ಹತ್ತು ನಿಮಿಷದ ಹಿಂದಷ್ಟೇ ಅವಳ ಮೇಜಿನ ಮೇಲೆ ಹಾಳೆ ಇಟ್ಟು, ಕಣ್ಣಲ್ಲೇ ನಕ್ಕು ಹೋಗಿದ್ದ. ಅವಳ ಕೆಮ್ಮಿನ ಸಿರಪ್ ಕುಡಿದ ವಾರದ ವರದಿ ಅದು. ಏಳು ದಿನಕ್ಕೂ ಒಂದೇ ಮಾತು: ‘ಕೆಮ್ಮು ಇಲ್ಲ.’

ಆಡುಸೋಗೆ, ಅತಿಮಧುರ ಹಾಕಿ ಅವಳು ಮೂರು ವರ್ಷ ಕುದಿಸಿ, ಸೋಸಿ, ಚೆಲ್ಲಿ, ಮತ್ತೆ ಕುದಿಸಿ ಮಾಡಿದ ಸಿರಪ್. ಪರೀಕ್ಷೆಗೆ ಅರವತ್ತು ಜನ ಒಪ್ಪಿದ್ದರು. ಲ್ಯಾಬಿನ ಕಪಾಟು ಮಾಡಲು ಬಂದು, ಕೆಮ್ಮುತ್ತಲೇ ಹೆಸರು ಕೊಟ್ಟವನು ಇವನು. ಹಾಳೆ ಕೊಡುವಾಗಲೆಲ್ಲ ಅವನ ನೋಟ ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿತ್ತು. ಅವಳೂ ಬೇಡ ಅಂದಿರಲಿಲ್ಲ.

ಈಗ ಮೈಯೆಲ್ಲ ಉರಿಯಿತು. ದಡದಡ ಇಳಿದಳು.

“ಎಷ್ಟು ದಿನದಿಂದ ಈ ನಾಟಕ?”

ಅವನು ಬೆಚ್ಚಿಬಿದ್ದ. “ಮೇಡಂ... ನಿಮ್ಮ ಔಷಧಿ ಗೆಲ್ಲಲಿ ಅಂತ...”

“ಅರ್ಧ ಜನಕ್ಕೆ ಬಣ್ಣ ಹಾಕಿದ ಸಕ್ಕರೆ ಪಾಕ ಕೊಟ್ಟಿದೀವಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ನಿಮ್ಮ ಬಾಟಲಿಯಲ್ಲಿ ಪಾಕವೇ ಇದ್ದಿದ್ರೆ? ಗೆಲ್ಲಿಸಿದ್ದು ಯಾವುದನ್ನ?”

ಅವನ ಮುಖ ಪೆಚ್ಚಾಯಿತು. “ಅಯ್ಯೋ! ಅದು ಹೊಳೀಲೇ ಇಲ್ಲ.”

“ಔಷಧಿಯೇ ಇದ್ದಿದ್ರೂ, ಕೆಲಸಕ್ಕೆ ಬಾರದ್ದು ನಾಳೆ ಯಾವುದೋ ಮಗುವಿನ ಬಾಯಿಗೆ ಹೋಗ್ತಿತ್ತು!” ಅವಳು ಅವನ ಕರವಸ್ತ್ರದತ್ತ ಬೆರಳು ತೋರಿಸಿದಳು. “ಮೂರು ವಾರ ಕೆಮ್ಮು ನುಂಗಿಕೊಂಡು ನನ್ನೆದುರು ನಗ್ತಾ ನಿಂತ್ರಲ್ಲ! ನಿಮಗೇನಾದ್ರೂ ಆಗಿದ್ರೆ ನಾನೇನು ಮಾಡಬೇಕಿತ್ತು?”

ಅವನು ಮೆಲ್ಲಗೆ ತಲೆಯೆತ್ತಿದ. “ನನಗೇನಾದ್ರೆ... ನಿಮಗೇನು?”

“ಪ್ರಶ್ನೆ ಬೇರೆ ಕೇಳ್ತೀರಾ? ಇಷ್ಟ ಇಲ್ಲದವರ ಮೇಲೆ ಯಾರಾದ್ರೂ ಹೀಗೆ ರೇಗ್ತಾರಾ?”

ಬಾಯಿಂದ ಜಾರಿದ ಮಾತಿಗೆ ಅವಳ ಕಿವಿ ಕೆಂಪಾಯಿತು. ಕೋಪ ಮಾತ್ರ ಇಳಿಯಲಿಲ್ಲ. “ನಂಗೂ...” ಎಂದು ಅವನು ಶುರುಮಾಡಿದ. ಕೆಮ್ಮು ಬಂದು ಮಾತು ಮುಗಿಸಲು ಬಿಡಲಿಲ್ಲ.

ಅವಳು ಮೇಲೆ ಹೋದಳು. ಅವನ ಮೂರೂ ಹಾಳೆಗಳಿಗೆ ‘ನಂಬುವಂತಿಲ್ಲ’ ಎಂದು ಬರೆದಳು. ಪರೀಕ್ಷೆಗೆ ಒಬ್ಬ ಕಡಿಮೆಯಾದನೆಂದು ಲ್ಯಾಬಿನ ಮುಖ್ಯಸ್ಥರಿಂದ ಬೈಸಿಕೊಂಡಳು. ಬ್ಯಾಗ್ ಹೆಗಲಿಗೇರಿಸಿ ಇಳಿದು ಬಂದಾಗ ಅವನು ಅಲ್ಲೇ ಇದ್ದ.

“ನಡೀರಿ, ಡಾಕ್ಟ್ರ ಹತ್ರ.”

“ನಾನೊಬ್ನೇ ಹೋಗ್ತೀನಿ, ಮೇಡಂ.”

“ಹೋಗಿ ಅಲ್ಲೂ ಸುಳ್ಳು ಹೇಳೋಕಾ?”

ಆಸ್ಪತ್ರೆಯಲ್ಲಿ ನರ್ಸ್ ಚೀಟಿ ಬರೆಯುತ್ತ ಕೇಳಿದಳು, “ನೀವು ಇವರಿಗೆ ಏನಾಗಬೇಕು?”

“ಹೆಂಡ್ತಿ ಆಗಬೇಕು,” ಅಂದಳು ಅವಳು, ಗಂಟು ಹಾಕಿದ ಹುಬ್ಬು ಸಡಿಲಿಸದೆ. “ಇನ್ನೂ ಆಗಿಲ್ಲ.”