ಖಾಲಿ ಕೋಣೆಯ ಒಂದು ನಿಮಿಷ

ನಾನು ಸಿನಿಮಾಗಳಿಗೆ ಸದ್ದು ಹಿಡಿಯುವವನು. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಮಾತುಗಳ ನಡುವೆ ತೇಪೆ ಹಾಕಲು ಅದು ಬೇಕು.

ಒಮ್ಮೆ ಒಬ್ಬ ನಿರ್ದೇಶಕರು, ತೀರಿಕೊಂಡ ತಮ್ಮ ಹೆಂಡತಿಯ ಬಗ್ಗೆ, ಆಕೆ ಮಲಗುತ್ತಿದ್ದ ಕೋಣೆಯಲ್ಲೇ ಸಿನಿಮಾ ತೆಗೆಯುತ್ತಿದ್ದರು. ಮಟಮಟ ಮಧ್ಯಾಹ್ನ. ಒಳಗೆ ನಾನೊಬ್ಬನೇ. ಹೆಡ್‌ಫೋನಿನಲ್ಲಿ ಯಾರೋ ಉಸಿರಾಡುತ್ತಿದ್ದರು. ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದೆ. ಅದು ನಿಲ್ಲಲಿಲ್ಲ. ಪ್ರತಿ ಉಸಿರಿನ ಕೊನೆಗೂ ಸಣ್ಣದೊಂದು ಸಿಳ್ಳು.

ನಿರ್ದೇಶಕರನ್ನು ಒಳಗೆ ಕರೆದು ಹೆಡ್‌ಫೋನನ್ನು ಅವರ ಕಿವಿಗಿಟ್ಟೆ. ಅವರು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೇಳಿದರು.

"ಅವಳದೇ. ಕೊನೇ ತಿಂಗಳು ಹೀಗೇ ಉಸಿರೆಳೀತಿದ್ಲು. ಅಳಿಸ್ಬೇಡಪ್ಪಾ."

ಅಳಿಸದೆ ಮನೆಗೆ ತಂದೆ. ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತೇ ಇಲ್ಲ. ಕೆಲಸದ ನೆಪದಲ್ಲಿ ಅದನ್ನು ದಿನವಿಡೀ ಹಾಕಿಕೊಂಡು ಕೂರುತ್ತಿದ್ದೆ. ಜೊತೆಗೆ ಯಾರೋ ಇದ್ದ ಹಾಗಿರುತ್ತಿತ್ತು.

ನಿನ್ನೆ ಬೆಳಿಗ್ಗೆ ನಿರ್ದೇಶಕರ ಫೋನ್ ಬಂತು. "ನಮ್ಮನೆ ಪೂರ್ತಿ ಸುಮ್ನಾಗ್ಬಿಟ್ಟಿದೆ ಕಣಪ್ಪಾ. ಅವಳೇನಾದ್ರೂ ನಿನ್ ಜೊತೆ ಬಂದ್ಲಾ?"

ಯಂತ್ರ ಆಫ್ ಆಗಿತ್ತು. ಹೆಡ್‌ಫೋನು ಮೇಜಿನ ಮೇಲಿತ್ತು.

"ಇಲ್ಲ ಸಾರ್," ಎಂದೆ.

ನನ್ನ ಬೆನ್ನ ಹಿಂದೆ ಕೇಳುತ್ತಿದ್ದ ಉಸಿರಿನ ಸಿಳ್ಳು, ನಾನು ಆ ಸುಳ್ಳು ಹೇಳಿ ಮುಗಿಸುವವರೆಗೆ ನಿಂತುಹೋಗಿತ್ತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಕಿವಿಯ ಹತ್ತಿರ.