ನನ್ನೆದುರೇ ಡಿಲೀಟ್ ಮಾಡಿ

ವಿನುತಾಳ ಬ್ಯಾಗಿನ ಪಟ್ಟಿ ಕಿಶನನ ಹೆಡ್‌ಫೋನಿನ ವೈರಿಗೆ ಸಿಕ್ಕಿತು. ವೈರು ಲ್ಯಾಪ್‌ಟಾಪಿನಿಂದ ಕಿತ್ತು ಬಂತು... ಮರುಕ್ಷಣ ಆ ಪುಟ್ಟ ಆಫೀಸಿನ ತುಂಬ ಒಬ್ಬ ಹೆಂಗಸಿನ ದನಿ!

“ಬನ್ನಿ ಬನ್ನಿ! ಬಾಂಗಡೆ ಇನ್ನೂ ಕಣ್ಣು ಬಿಟ್ಕಂಡೇ ಅದೆ!”

ಅದರ ಬೆನ್ನಿಗೇ ತಾಜಾ ಮೀನಿಗೆ ಕೊಂಕಣಿಯಲ್ಲಿ ಕರೆಯುವ ಇನ್ನೊಂದು ದನಿ, “ಯೇ ಗೋ ಬಾಯ್, ತಾಜೆ ನುಸ್ತೆ!”

ಪಕ್ಕದ ಮೇಜಿನ ಆಶಿಷ ಹೊಟ್ಟೆ ಹಿಡಿದುಕೊಂಡು ನಕ್ಕ. “ಕಿಶನನ ಮೀನು ರೇಡಿಯೋ! ಹೊಸಬರಿಗೆ ಭರ್ಜರಿ ಸ್ವಾಗತ ಆಯ್ತಲ್ಲ ಮಾರಾಯಾ!”

ಎಲ್ಲರೂ ನಕ್ಕರು. ವಿನುತಾಳ ಮುಖ ಮಾತ್ರ ಬಿಳಿಚಿತು.

ಆ ಮೊದಲ ದನಿ ಅವಳ ಆಯಿಯದು.

ಅಂಕೋಲೆಯ ಕಾಶಿ ವರ್ಷಗಟ್ಟಲೆ ಬುಟ್ಟಿ ಹೊತ್ತು, ಬಸ್ಸು ಹತ್ತಿ, ಕಾರವಾರದ ಮಾರ್ಕೆಟ್ಟಿನಲ್ಲಿ ಕೂತು ಮೀನು ಮಾರಿದವಳು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು, ತಾಯಿ ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ “ಬಿಸಿನೆಸ್” ಎನ್ನುತ್ತಿದ್ದಳು. ಆ ಮಾರ್ಕೆಟ್ಟಿಗೆ ಒಂದು ದಿನವೂ ಕಾಲಿಟ್ಟವಳಲ್ಲ. ಈಗ ಕಾರವಾರದಲ್ಲೇ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ, ಇನ್ನು ಯಾರಿಗೂ ಏನೂ ಹೇಳಬೇಕಿಲ್ಲ ಎಂದುಕೊಂಡು ಬಂದರೆ... ಮೊದಲ ದಿನವೇ ಹೀಗೆ!

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ಅವಳು ನೇರ ಕಿಶನನ ಮೇಜಿಗೆ ಬಂದಳು.

“ಅದು ನನ್ನ ಆಯಿಯ ದನಿ.”

ಅವನು ತಟ್ಟನೆ ಎದ್ದು ನಿಂತ. “ಕಾಶಿಬಾಯಿ... ನಿಮ್ಮ ಆಯಿಯಾ?”

“ಹೆಸರೂ ಗೊತ್ತುಂಟಾ! ನಗೂಕೆ ಇಟ್ಕೊಂಡದ್ದಾ?”

“ಅಲ್ಲ, ಕೇಳಿ... ಅದರಲ್ಲಿ ಇನ್ನೊಬ್ರು...”

“ಸಾಕು! ನನ್ನೆದುರೇ ಡಿಲೀಟ್ ಮಾಡಿ. ಈಗಲೇ.”

ಕಿಶನ ಅವಳನ್ನೇ ನೋಡಿದ. ನಂತರ ಕೂತು, ಲ್ಯಾಪ್‌ಟಾಪಿನಿಂದ ಅಳಿಸಿದ.

“ಬೇರೆ ಎಲ್ಲಿ ಇಟ್ಟಿದ್ದೀರಿ? ನಿಮ್ಮಂಥವರು ಬ್ಯಾಕಪ್ ಇಲ್ಲದೆ ಇರ್ತೀರಾ?”

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಪುಣ್ಯಾತ್ಮ. ಫೋನಿನಲ್ಲಿದ್ದದ್ದನ್ನು ತೆಗೆದ. ಖಾನೆಯಿಂದ ಹಾರ್ಡ್ ಡಿಸ್ಕ್ ಹೊರತೆಗೆದು ಅಲ್ಲಿಂದಲೂ ತೆಗೆದ. ಮೂರೂ ಕಡೆಯ ಕಸದ ಬುಟ್ಟಿ ಖಾಲಿ ಮಾಡಿಸುವವರೆಗೆ ವಿನುತಾ ಅಲ್ಲಿಂದ ಕದಲಲಿಲ್ಲ. ಕೊನೆಯ ಬಟನ್ ಒತ್ತುವಾಗ ಅವನ ಬೆರಳು ಒಮ್ಮೆ ನಿಂತಿತು. ಅವಳದನ್ನು ನೋಡಿದಳು. ‘ಮೋಜು ಹಾಳಾಯಿತಲ್ಲ, ಅದಕ್ಕೆ’ ಎಂದುಕೊಂಡಳು.

ಅವಳ ಮೇಜು ಅವನ ಎದುರಿಗೇ. ದ್ವೇಷಿಸಬೇಕೆಂದರೂ ದಿನಕ್ಕೆ ಎಂಟು ತಾಸು ನೋಡುತ್ತಲೇ ಇರಬೇಕು!

ಎರಡು ಮಾನಿಟರು. ಮಳೆ ಹೊಯ್ದಂತೆ ಸದ್ದು ಮಾಡುವ ಕೀಬೋರ್ಡು. ಕೆಟ್ಟ ರೇಡಿಯೋಗಳನ್ನು ಬಿಚ್ಚಿ ರಿಪೇರಿ ಮಾಡುವುದು ಅವನ ಹುಚ್ಚು, ಹಾಗಾಗಿ ಮೇಜಿನ ಮೂಲೆಯಲ್ಲಿ ಯಾವಾಗಲೂ ಒಂದು ಬಾಯಿ ತೆರೆದ ರೇಡಿಯೋ. ಭಾನುವಾರ ಕಾಳಿ ನದಿಯ ದಂಡೆಯಲ್ಲಿ ಗಾಳ ಹಾಕುತ್ತಾನಂತೆ, ಸಿಕ್ಕ ಮೀನನ್ನು ಮನೆಗೆ ಒಯ್ಯುವುದೇ ಇಲ್ಲವಂತೆ. ಅವಳ ಕೋಡಿನ ತಪ್ಪುಗಳನ್ನು ಯಾರಿಗೂ ಗೊತ್ತಾಗದ ಹಾಗೆ ತೋರಿಸಿಕೊಡುತ್ತಿದ್ದ. ಅವಳು ಥ್ಯಾಂಕ್ಸ್ ಕೂಡ ಹೇಳುತ್ತಿರಲಿಲ್ಲ.

ನಾಲ್ಕನೇ ತಿಂಗಳು ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಕಿಶನ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಾನೆ, ಆದರೆ ವೈರಿನ ತುದಿ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಏನನ್ನೂ ಕೇಳುತ್ತಿಲ್ಲ!

‘ಯಾಕೆ ಹೀಗೆ ಕೂತಿರುತ್ತಾನೆ?’ ಎಂಬ ಪ್ರಶ್ನೆ ಅವಳ ಜೊತೆ ಸಂಜೆಯ ಬಸ್ಸಿನಲ್ಲಿ ಅಂಕೋಲೆಯವರೆಗೂ ಬಂತು. ಆಮೇಲೆ ದಿನಾ ಬರತೊಡಗಿತು. ಅವಳು ಒಪ್ಪಲು ಸಿದ್ಧಳಿರಲಿಲ್ಲ, ಆದರೆ ಅದು ಪ್ರೀತಿಯೇ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದ ಆಯಿಯ ಪಕ್ಕ ಕೂತು, ಏನೂ ಅಲ್ಲವೆಂಬಂತೆ ಕೇಳಿದಳು. “ಆಯೀ, ನಿಂಗೆ ಕಿಶನ ಅಂತ ಯಾರಾದ್ರೂ ಗೊತ್ತಾ? ಕೋಡಿಬಾಗದವ್ರು. ನಮ್ಮ ಆಫೀಸಲ್ಲಿ ಇದ್ದಾರೆ.”

“ಶೇವಂತಿ ಮಗನಾ?” ಕಾಶಿಯ ಕತ್ತಿ ನಿಂತಿತು. “ಅಯ್ಯೋ, ಪಾಪದ ಹುಡ್ಗ ಅದು. ಹೇಗಿದ್ದಾನೆ ಮಗಾ?”

ಶೇವಂತಿ! ಮಾರ್ಕೆಟ್ಟಿನಲ್ಲಿ ಆಯಿಯ ಪಕ್ಕ ಕೂರುತ್ತಿದ್ದವಳು, ಎರಡು ವರ್ಷದ ಹಿಂದೆ ತೀರಿಕೊಂಡವಳು. ಆ ಹೆಸರು ಮನೆಯಲ್ಲಿ ಎಷ್ಟೋ ಸಲ ಬಂದಿತ್ತು. ವಿನುತಾ ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೇ.

“ಶೇವಂತಿಗೆ ಗಂಟ್ಲು ಕ್ಯಾನ್ಸರು. ಆಪರೇಷನ್ ಆದ್ರೆ ಮತ್ತೆ ದನಿ ಬರೂದಿಲ್ಲ ಅಂದಿದ್ರು. ಹಿಂದಿನ ದಿನ ಮಗ ರೆಕಾರ್ಡ್ ಮಾಡೂಕೆ ಫೋನ್ ಹಿಡ್ಕಂಡು ಮಾರ್ಕೆಟ್ಟಿಗೆ ಬಂದ, ಒಂದ್ಸಲ ಕೂಗೇ ಆಯೀ ಅಂತ. ಅವ್ಳು ಬಾಯೇ ಬಿಡ್ಲಿಲ್ಲ, ಅಳೂಕೇ ಹಿಡಿದ್ಲು. ನಾನು ಬೇಕು ಅಂತಲೇ ಅವಳ ಗಿರಾಕಿಗಳನ್ನ ಕರೂಕೆ ಶುರು ಮಾಡ್ದೆ. ಬನ್ನಿ ಬನ್ನಿ ಅಂತ. ಸಿಟ್ಟು ಬಂತು ನೋಡು ಅವ್ಳಿಗೆ! ನನಗಿಂತ ಜೋರಾಗಿ ಕೂಗಿದ್ಲು.” ಕಾಶಿ ನಗುತ್ತಲೇ ಕಣ್ಣೊರೆಸಿಕೊಂಡಳು. “ಆಪರೇಷನ್ ಟೇಬಲ್ಲಿಂದ ಎದ್ದು ಬರ್ಲಿಲ್ಲ. ಮಗನ ಹತ್ರ ಅದೊಂದೇ ಉಳ್ಕಂಡದ್ದು.”

ವಿನುತಾ ಎದ್ದು ಚಪ್ಪಲಿ ಮೆಟ್ಟಿದಳು.

ಮೂರು ಕಡೆ. ಮೂರೂ ಕಡೆಯಿಂದ ನಿಂತು ಅಳಿಸಿ ಹಾಕಿಸಿದ್ದಳು!

ಕೋಡಿಬಾಗದಲ್ಲಿ ಬಸ್ಸಿಳಿದು ನದಿಯ ದಂಡೆಗೆ ಓಡಿದಳು. ಕಿಶನ ಗಾಳ ಹಿಡಿದು ಕೂತಿದ್ದ. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ತಿಳಿಯಿತು.

“ಕಾಶಿಬಾಯಿ ಹೇಳಿದ್ರಾ?”

“ನೀವ್ಯಾಕೆ ಹೇಳ್ಲಿಲ್ಲ?” ಅವಳು ಅವನ ಎದುರು ನಿಂತಳು. “ಒಂದು ಮಾತು! ಒಂದೇ ಮಾತು ಹೇಳಿದ್ರೆ...”

“ಹೇಳೂಕೆ ಹೊರಟೆ. ಸಾಕು ಅಂದ್ರಿ.” ಅವನ ದನಿಯಲ್ಲಿ ಕಹಿಯಿತ್ತು, ಅದನ್ನವನು ಮುಚ್ಚಿಡಲಿಲ್ಲ. “ಕಾಶಿಬಾಯಿ ಕೂಗಿದ್ದಕ್ಕೇ ಅದು ಸಿಕ್ಕಿದ್ದು, ಅವ್ರ ಮಗಳೇ ಬೇಡ ಅಂದ್ಮೇಲೆ ಇಟ್ಕೊಳ್ಳೂದು ಹೇಗೆ? ನನ್ನ ಆಯಿಯ ದನಿ ಮಾತ್ರ ಬೇರೆ ಮಾಡೂಕೆ ಮೊದ್ಲೇ ಎಷ್ಟೋ ಸಲ ನೋಡಿದ್ದೆ. ಆಗ್ಲಿಲ್ಲ. ಇಬ್ರೂ ಒಬ್ಬರ ಮೇಲೊಬ್ರು ಕೂಗಿದ್ರಲ್ಲ... ಒಬ್ಬರನ್ನ ತೆಗೆದ್ರೆ ಇನ್ನೊಬ್ರೂ ಹೋಗ್ತಿದ್ರು.”

ವಿನುತಾ ಮರಳಿನ ಮೇಲೆ ಕುಸಿದಳು. “ನೀವು ನಕ್ಕಿರಿ ಅಂತ ಸಿಟ್ಟು ಬಂದದ್ದಲ್ಲ ಕಿಶನ. ಮೀನು ಮಾರುವವಳ ಮಗಳು ಅಂತ ಗೊತ್ತಾದೀತು ಅಂತ... ನನ್ನ ಆಯಿಯ ಬಗ್ಗೆ ನಂಗೇ ನಾಚಿಕೆ. ಅದಕ್ಕೆ ನಿಮ್ಮ ಆಯಿಯನ್ನ ತೆಗೆಸಿ ಹಾಕ್ದೆ.”

ಅವನು ಗಾಳವನ್ನು ಸುತ್ತಿ ಪಕ್ಕಕ್ಕಿಟ್ಟ.

“ನಂಗೆ ನಿಮ್ಮ ಮೇಲೆ ಸಿಟ್ಟು ಅದೆ. ಈಗಲೂ,” ಎಂದ. “ಆದ್ರೆ ನೀವು ರಜೆ ಹಾಕಿದ ದಿನ ಹತ್ತು ಸಲ ಬಾಗಿಲು ನೋಡ್ತೇನೆ. ಎಂತ ಮಾಡೂದು ಹೇಳಿ?”

ಅವಳು ತಲೆಯೆತ್ತಿದಳು. ಇಷ್ಟು ದಿನ ಕೇಳಬೇಕೆಂದಿದ್ದ ಮಾತು, ಇವತ್ತೇ ಬರಬೇಕಿತ್ತೇ? ಸಂತೋಷಪಡುವ ಮುಖವೂ ಅವಳಿಗೆ ಉಳಿದಿರಲಿಲ್ಲ.

“ನಂಗೂ ನೀವು ಬೇಕು,” ಎಂದಳು ಅಳುತ್ತಲೇ. “ಹೇಳೂಕೆ ಯೋಗ್ಯತೆ ಇಲ್ಲ. ಆದ್ರೂ ಹೇಳ್ತೇನೆ. ನಿಮ್ಮ ಆಯಿ ಹೇಗೆ ಕೂಗ್ತಿದ್ರು? ಒಮ್ಮೆ ಕೂಗಿ ತೋರಿಸ್ತೀರಾ? ಅವತ್ತು ನಾನು ಕಿವಿಗೊಡ್ಲೇ ಇಲ್ಲ.”

ಕಿಶನ ನದಿಯ ಕಡೆ ತಿರುಗಿ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

“ಮಾತು ನೆನಪದೆ,” ಎಂದ. “ದನಿ... ಬರೂದಿಲ್ಲ ವಿನುತಾ.”

ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

“ಬೈದುಬಿಡು ನನ್ನ. ಹೇಗೆ ಬೇಕಾದ್ರೂ ಬೈ.”

“ಬೈತೇನೆ. ಬಹಳ ದಿನ ಬೈತೇನೆ.” ಅವನ ಕಣ್ಣು ನೀರಿನ ಮೇಲೇ ಇತ್ತು. “ಇವತ್ತು ಎದ್ದು ಹೋಗ್ಬೇಡ. ಇಲ್ಲೇ ಕೂತ್ಕೋ.”